ಗಾಳಿ ಎಳೆಯುವ ಪೈಪು

ಹಿಮ ಚೆನ್ನಾಗಿ ಬಿದ್ದಮೇಲೆ ಅದನ್ನು ಸಲಿಕೆಯಲ್ಲಿ ಎತ್ತಿ ಗೋಡೆಗೆ ಕಿಟಕಿಯ ಮಟ್ಟದವರೆಗೆ ಒತ್ತರಿಸುವುದು ಸಸ್ಕಾಚವಾನಿನ ಬಯಲಿನವರಿಗೆ ತಾತಂದಿರು ಕಲಿಸಿಹೋದ ಬುದ್ಧಿ. ಚಳಿಗೆ ಚಳಿಯನ್ನೇ ಅಡ್ಡ ನಿಲ್ಲಿಸುವ ಉಪಾಯ. ಈ ವರ್ಷ ಓನುಫ್ರಿ ಆ ಕೆಲಸವನ್ನು ಹರಕೆ ತೀರಿಸುವವನಂತೆ ಮಾಡಿದ್ದ. ಹೆಂಡತಿ ಪರಸ್ಕಾ ಆಸ್ಪತ್ರೆಯ ಔಷಧಿ ಇನ್ನು ಸಾಕೆಂದು ಮನೆಗೆ ಬಂದಿದ್ದಳು. ತನ್ನ ಮಂಚದಲ್ಲೇ, ದೇವಮಾತೆಯ ಪಟದ ಕೆಳಗೇ ಕಣ್ಣು ಮುಚ್ಚಬೇಕೆಂಬುದೊಂದೇ ಅವಳಿಗೆ ಉಳಿದಿದ್ದ ಆಸೆ. ಆಗಾಗ ಬಂದು ನೋಡಿಹೋಗುವ ನರ್ಸ್ ಜಾನಿಸ್ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮನೆ ಸದಾ ಬೆಚ್ಚಗಿರಬೇಕು.

ಅದಕ್ಕೇ ನೆಲಮಾಳಿಗೆಗೆ ಮನೆ ಕಾಯಿಸುವ ಹೊಸ ಗ್ಯಾಸ್ ಫರ್ನೇಸ್ ಬಂದದ್ದು. ಹಳೆಯದು ಮನೆಯೊಳಗಿನ ಗಾಳಿಯನ್ನೇ ಕುಡಿದು ಉರಿಯುತ್ತಿತ್ತು. ಇದು ಹೊರಗಿನ ಗಾಳಿಯೇ ಬೇಕೆನ್ನುವ ಜಾತಿ. ಓನುಫ್ರಿಯ ಅಣ್ಣನ ಮಗ ಲುಬ್ಕೊ ಗೋಡೆ ಕೊರೆದು ಎರಡು ಬಿಳಿ ಪೈಪು ಹೊರಗೆ ಹಾಯಿಸಿದ್ದ. ಹೊಗೆ ಬಿಡುವುದು ಮೂಲೆಯಲ್ಲಿ ಎತ್ತರಕ್ಕೆ, ಗಾಳಿ ಎಳೆಯುವುದು ಕಿಟಕಿಯ ಕೆಳಗೆ.

"ಚಿಕ್ಕಪ್ಪ, ಇದರ ಬಾಯಿ ಮುಚ್ಚಿದ್ರೆ ಫರ್ನೇಸ್ ನಿಂತ್ಹೋಗತ್ತೆ."

"ನಿನ್ನ ಬಾಯಿಗಿಂತ ಇದನ್ನ ಮುಚ್ಚೋದು ಸುಲಭ ಬಿಡು," ಎಂದು ಓನುಫ್ರಿ ನಕ್ಕಿದ್ದ.

ಮುಚ್ಚಿರಲಿಲ್ಲ. ಹಿಮ ಒತ್ತರಿಸುವಾಗ ಪೈಪಿನ ಸುತ್ತ ಅಚ್ಚುಕಟ್ಟಾಗಿ ಒಂದು ಗೂಡು ಬಿಟ್ಟಿದ್ದ. ಬೀಸುವ ಗಾಳಿ ಅಂಥ ಗೂಡನ್ನೇ ಹುಡುಕಿಕೊಂಡು ಬರುತ್ತದೆಂದು ಹೊಳೆಯಲಿಲ್ಲ, ಅಷ್ಟೆ. ಬಿರುಗಾಳಿ ಗೂಡನ್ನು ತುಂಬಿತು. ಪೈಪಿನೊಳಕ್ಕೂ ನುಗ್ಗಿದ ಹಿಮ ಕರಗಿ, ಮತ್ತೆ ಗಡ್ಡೆಕಟ್ಟಿತು. ಬೆಳಗಾಗುವಾಗ ಫರ್ನೇಸಿನ ಸದ್ದಿಲ್ಲ.

ಲುಬ್ಕೊ ಟ್ರ್ಯಾಕ್ಟರಿನಲ್ಲಿ ಬಂದಿಳಿದ.

"ಒಳ್ಳೇ ಸಮಾಧಿ ಕಟ್ಟಿದ್ದೀರಲ್ಲ ಚಿಕ್ಕಪ್ಪ!" ಎಂದವನು ಪರಸ್ಕಾಳ ಕಿಟಕಿ ಕಂಡು ನಾಲಿಗೆ ಕಚ್ಚಿಕೊಂಡ.

"ಗೂಡು ಬಿಟ್ಟಿದ್ನಲ್ಲೋ."

"ಅದೇ ಎಡವಟ್ಟು. ಬಾವಿ ತೋಡಿಟ್ಟು ಗಾಳೀನ ಕರೆದ ಹಾಗಾಯ್ತು."

"ತೋಡಿ ತೆಗೀತೀನಿ."

"ಕಲ್ಲಾಗಿದೆ ಇದು. ತೋಡಿದ್ರೂ ನೀವು ಒಳಗೆ ಹೋಗೋದರಲ್ಲಿ ತುಂಬತ್ತೆ. ಪೈಪನ್ನ ಕೊಯ್ದು, ಬಾಯನ್ನ ಗೋಡೆಗುಂಟ ಮೇಲಕ್ಕೆ ಏರಿಸಬೇಕು."

ಒಳಗೆ ಮಂಚದ ಪಕ್ಕ ಕರೆಂಟಿನ ಹೀಟರು ಕೆಂಪಗೆ ಕಾಯುತ್ತಿದ್ದರೂ ಪರಸ್ಕಾಳ ಬಾಯಿಂದ ಹಬೆ ಏಳುತ್ತಿತ್ತು. ಲುಬ್ಕೊ ಪೈಪು ಕೊಯ್ದ. ಅವನು ತಂದಿದ್ದ ಪೈಪಿನ ಅಂಟು ದಾರಿಯಲ್ಲೇ ಹೆಪ್ಪುಗಟ್ಟಿತ್ತು. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಸಡಿಲಿಸಿದರು.

"ಇರೋದು ಇದೊಂದೇ ಎಲ್ಬೋ," ಎಂದ ಲುಬ್ಕೊ, ಪೈಪನ್ನು ಮೇಲಕ್ಕೆ ತಿರುಗಿಸುವ ಬಾಗಿದ ತುಂಡನ್ನು ತೋರಿಸಿ. "ನಾನು ಕೆಳಗಿನಿಂದ ತಳ್ಳಿ ಹಿಡಿದಿರ್ತೀನಿ, ನೀವು ಹೊರಗಿಂದ ಒತ್ತಿರಿ. ಚಳೀಲಿ ಅಂಟು ಬೇಗ ಹಿಡಿಯಲ್ಲ. ನಾನು ಕೂಗೋವರೆಗೂ ಕೈ ಬಿಡಬೇಡಿ." ನೆಲಮಾಳಿಗೆಗೆ ಇಳಿದುಹೋದ.

ಓನುಫ್ರಿ ಎರಡೂ ಕೈಯಲ್ಲಿ ಒತ್ತಿ ನಿಂತ. ಅಷ್ಟರಲ್ಲೇ ರಸ್ತೆಯ ಹಿಮ ತಳ್ಳುವ ಗಾಡಿ ಬಂತು, ಅದರ ಬೆನ್ನಿಗೇ ಜಾನಿಸಳ ವ್ಯಾನು. ಕಿಟಕಿಯ ಗಾಜಿನಾಚೆ ಜಾನಿಸ್ ಕಂಬಳಿ ಸರಿಸಿ ಪರಸ್ಕಾಳ ಪಾದ ಮುಟ್ಟುವುದು ಕಾಣಿಸಿತು. ಮುಟ್ಟಿದ ಕೈಯನ್ನು ಅವಳು ಬೇಗ ತೆಗೆಯಲಿಲ್ಲ. ಆಮೇಲೆ ಹೊರಗೆ ಬಂದಳು.

"ಇವರನ್ನ ಇಲ್ಲಿ ಬಿಡೋಕಾಗಲ್ಲ. ಗಾಡಿ ಈಗ್ಲೇ ಪೇಟೆಗೆ ಹಿಂತಿರುಗತ್ತೆ, ಅದು ಹೋದ್ರೆ ದಾರಿ ಮುಚ್ಚತ್ತೆ. ಕರ್ಕೊಂಡು ಹೋಗ್ತೀನಿ."

"ಒಂದು ಗಳಿಗೆ ತಾಯಿ. ಅಂಟು ಹಿಡೀತಾ ಇದೆ."

"ಆ ಡ್ರೈವರು ಕಾಯಲ್ಲ."

"ಮನೆ ಬೆಚ್ಚಗಾದ್ರೆ ವಾಪಸ್ ಕಳಿಸ್ತೀರಲ್ಲ?"

"ದಾರಿ ತೆರೆದ್ರೆ. ಅವರಲ್ಲಿ ಅಷ್ಟು ಶಕ್ತಿ ಇದ್ರೆ," ಎಂದಳು ಜಾನಿಸ್, ಅವನ ಮುಖ ನೋಡದೆ.

ಜಾನಿಸ್, ಡ್ರೈವರು ಇಬ್ಬರೂ ಸೇರಿ ಪರಸ್ಕಾಳನ್ನು ಕುರ್ಚಿಸಮೇತ ಎತ್ತಿ ತಂದರು. ಕಂಬಳಿಯೊಳಗೆ ಮೂಗು, ಕಣ್ಣು ಮಾತ್ರ.

"ಏ ಮುದುಕ, ಟೋಪಿ ಎಲ್ಲಿ? ಕಿವಿ ಉದುರಿಹೋಗತ್ತೆ."

"ಪೇಟೆಗೆ ಹೋಗಲ್ಲ ಅನ್ನು ಪರಸ್ಕಾ."

"ಅಂದೆ. ನನ್ನ ಹಲ್ಲು ಕಟಕಟ ಅನ್ನೋದು ಈ ನರ್ಸಿಗೆ ಅದಕ್ಕಿಂತ ಜೋರಾಗಿ ಕೇಳಿಸ್ತು."

ಅವಳ ಕಡೆ ಒಂದು ಕೈ ಚಾಚಿದ. ಎಲ್ಬೋ ಪಕ್ಕಕ್ಕೆ ಜಾರಿತು. ಗಾಬರಿಯಿಂದ ಮತ್ತೆ ಒತ್ತಿಹಿಡಿದ.

"ಬಿಡಬೇಡ್ವೋ," ಎಂದಳು ಪರಸ್ಕಾ. "ಅದು ಕೆಟ್ರೆ ನಾನು ಎಲ್ಲಿಗೆ ಬರಲಿ?"

ಬಿಡಲಿಲ್ಲ. ಕರ್ತನೇ ಕರುಣಿಸು, ಕರ್ತನೇ ಕರುಣಿಸು ಎಂದು ತುಟಿ ತಾನಾಗಿ ಹೇಳುತ್ತಿತ್ತು. ಬೆರಳುಗಳಲ್ಲಿ ಸ್ಪರ್ಶ ಸತ್ತಿತ್ತು. ಬೆನ್ನ ಹಿಂದೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು. ಕತ್ತು ತಿರುಗಿಸುವಷ್ಟರಲ್ಲಿ ಮುಂದೆ ಗಾಡಿ, ಹಿಂದೆ ವ್ಯಾನು, ಎರಡೂ ಬಿಳುಪಿನಲ್ಲಿ ಕರಗಿದವು. ಅವು ಹೋದ ದಾರಿಯ ಮೇಲೆ ಗಾಳಿ ಆಗಲೇ ಹಿಮ ಎಳೆಯತೊಡಗಿತ್ತು.

ಎಷ್ಟೋ ಹೊತ್ತಿನ ಮೇಲೆ ನೆಲಮಾಳಿಗೆಯಿಂದ ಲುಬ್ಕೊ ಕೂಗಿದ.

"ಹತ್ಕೊಳ್ತು ಚಿಕ್ಕಪ್ಪ! ಬಿಸಿ ಬರ್ತಿದೆ! ಕೈ ಬಿಡಿ ಈಗ, ಒಳಗೆ ಹೋಗಿ ಚಿಕ್ಕಮ್ಮಂಗೆ ಹೇಳಿ!"

ಓನುಫ್ರಿ ಕೈ ಬಿಟ್ಟ. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಪೈಪಿನ ಬಾಯಿಗೆ ಒಡ್ಡಿದ. ಗಾಳಿ ಅವನ ಬೆರಳುಗಳ ನಡುವೆ ನುಸುಳಿ ಒಳಗೆ ಹೋಗುತ್ತಲೇ ಇತ್ತು.