ಬಾಗಿಲಲ್ಲಿದ್ದ ದೊರೆಸ್ವಾಮಿ

ನಾನು ಒಂದು ಕ್ಯಾಮೆರಾ. ಹುಟ್ಟಿದ್ದು ಜಪಾನಿನಲ್ಲಿ, ಧೂಳಿನ ಕಣವೂ ಸುಳಿಯದ ಒಂದು ಕೋಣೆಯಲ್ಲಿ. ಎದುರಿಗಿರುವುದನ್ನು ಇದ್ದ ಹಾಗೇ ನೋಡುವುದು ನನ್ನ ಹುಟ್ಟುಗುಣ. ಅದನ್ನು ಎಂದೂ ಬಿಟ್ಟವನಲ್ಲ. ಬಿಡದೆ ಏನು ಬಂತು ಎಂಬುದೇ ಈಗಿನ ಕೊರಗು.

ಮೊದಲ ಯಜಮಾನ ಮೂರು ವರ್ಷ ಮದುವೆ ಮನೆಗಳಲ್ಲಿ ದುಡಿಸಿ, ನನ್ನನ್ನು ಮೈಸೂರಿನ ವಾದಿರಾಜನಿಗೆ ಮಾರಿದ. ರಿಂಗ್ ರಸ್ತೆಯ ಶೋರೂಮೊಂದರಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಫೋಟೋ ತೆಗೆಯುವುದು ವಾದಿರಾಜನ ಕೆಲಸ. ಚಿತ್ರದಲ್ಲಿ ಅವು ಸಿನಿಮಾದಿಂದ ಇಳಿದು ಬಂದಂತಿರಬೇಕು. ಅದಕ್ಕಾಗಿ ನೆಲಕ್ಕೆ ನೀರು ಹೊಯ್ಯುತ್ತಿದ್ದ. ಕಾರಿನ ಮೈಯಲ್ಲಿ ತಾನು ಕಾಣಬಾರದೆಂದು ಉರಿಬಿಸಿಲಲ್ಲೂ ಕಪ್ಪು ಅಂಗಿ ತೊಡುತ್ತಿದ್ದ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಆಕಾಶವನ್ನು ನೇರಳೆ ಮಾಡುತ್ತಿದ್ದ, ಬೇಡದ್ದನ್ನು ಅಳಿಸುತ್ತಿದ್ದ. ಅವನ ಕೈಚಳಕ ನೋಡಿ ನಾನೂ ಹಿರಿಹಿರಿ ಹಿಗ್ಗುತ್ತಿದ್ದೆ.

ಆ ಕಾರುಗಳಿಗೆ ಪಾಲಿಷ್ ಹಾಕುತ್ತಿದ್ದವರು ದೊರೆಸ್ವಾಮಿ. ಅರವತ್ತರ ಹತ್ತಿರದ ಸಣಕಲು ಮನುಷ್ಯ, ಹೆಗಲ ಮೇಲೆ ಸದಾ ಒಂದು ಹಳದಿ ಬಟ್ಟೆ. ಕಾರಿನ ಬಾಗಿಲಲ್ಲಿ ತಮ್ಮ ಮುಖ ಕಾಣುವವರೆಗೂ ಬಿಡದೆ ತಿಕ್ಕುತ್ತಿದ್ದರು.

"ಮೊಖ ಕಂಡ್ರೆ ಆಯ್ತು ಸಾರ್, ನನ್ ಸೈನ್ ಬಿದ್ದಂಗೆ" ಎನ್ನುತ್ತಿದ್ದರು.

ಬಳಿಕ ಜೇಬಿನಿಂದ ಬಾಚಣಿಗೆ ತೆಗೆದು, ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲನ್ನು ಬಾಚಿ, ನನ್ನ ಪಕ್ಕದಲ್ಲೇ ಸೆಟೆದು ನಿಲ್ಲುತ್ತಿದ್ದರು. ಯಾರ ಮದುವೆಗೆ ಈ ಸಿಂಗಾರ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

"ಸ್ವಾಮಣ್ಣ, ಸ್ವಲ್ಪ ಆ ಕಡೆ ಹೋಗಿ" ಎನ್ನುತ್ತಿದ್ದ ವಾದಿರಾಜ.

"ನಾನೇನ್ ಅಡ್ಡ ಬಂದ್ನಾ ಸಾರ್? ಪಕ್ಕದಾಗವ್ನಿ."

ಅಡ್ಡ ಬಂದಿರಲಿಲ್ಲ, ನಿಜ. ಆದರೆ ಎದುರಿನ ಬಾಗಿಲಲ್ಲಿ ಬಾಚಿದ ತಲೆಯಿಂದ ಚಪ್ಪಲಿಯವರೆಗೂ ಅವರೇ ಇರುತ್ತಿದ್ದರು. "ಹಿರಿಯರು, ಏನಂತ ಹೇಳೋದು. ಆಮೇಲೆ ಅಳಿಸಿದ್ರಾಯ್ತು" ಎಂದು ವಾದಿರಾಜ ನನಗಷ್ಟೇ ಕೇಳುವಂತೆ ಗೊಣಗಿ ಗುಂಡಿ ಒತ್ತುತ್ತಿದ್ದ. ಹೇಳಿದಂತೆ ಅಳಿಸಿ, ಆ ಜಾಗಕ್ಕೆ ಒಂದು ತುಂಡು ಸಂಜೆ ಆಕಾಶ ಅಂಟಿಸುತ್ತಿದ್ದ. ಅದಕ್ಕೆ ಹೊಂದಲೆಂದು ಇಡೀ ಕಾರಿಗೆ ಕಂಪ್ಯೂಟರಿನ ಹೊಳಪನ್ನೇ ಬಳಿಯುತ್ತಿದ್ದ. ಕೆಲಸ ಮುಗಿದ ಮೇಲೆ ನಾನು ಕಂಡಿದ್ದ ಅಸಲು ಚಿತ್ರಗಳನ್ನೆಲ್ಲ ಒರೆಸಿಹಾಕುತ್ತಿದ್ದ. ಆರು ವರ್ಷ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಎದೆನೋವೆಂದು ಆಸ್ಪತ್ರೆಗೆ ಹೋದ ದೊರೆಸ್ವಾಮಿ ತಿರುಗಿ ಬರಲಿಲ್ಲ. ಒಂಬತ್ತನೆಯ ದಿನ ಅವರ ಮಗಳು ಸೌಭಾಗ್ಯ ವಾದಿರಾಜನ ಮನೆಗೆ ಬಂದಳು. ನಾನು ಕಂಪ್ಯೂಟರಿನ ಪಕ್ಕದಲ್ಲೇ ಇದ್ದೆ.

"ತಿಥಿಗೆ ಅಪ್ಪನ ಫೋಟೋ ಬೇಕಿತ್ತು ಸಾರ್. ಆಧಾರ್ ಕಾರ್ಡಲ್ಲಿರೋದು ಯಾರೋ ಬೇರೆಯವ್ರ ಥರ ಇದೆ. ನೀವು ತೆಗೆಯೋ ಎಲ್ಲಾ ಫೋಟೋದಲ್ಲೂ ಬಾಗಿಲಲ್ಲಿ ನಾನವ್ನಿ ಅಂತ ಮನೇಲಿ ಹೇಳ್ತಾನೇ ಇರೋರು."

ಆ ಬಾಚಣಿಗೆ ಯಾಕೆಂದು ನನಗೆ ಆಗ ತಿಳಿಯಿತು. ನಕ್ಕಿದ್ದಕ್ಕೆ ನಾಚಿಕೆಯಾಯಿತು.

ವಾದಿರಾಜ ಒಂದೊಂದೇ ಚಿತ್ರ ತೆರೆದ. ಕೆಂಪು ಕಾರಿನ ಬಾಗಿಲಲ್ಲಿ ಆಕಾಶ. ನೀಲಿ ಕಾರಿನ ಬಾಗಿಲಲ್ಲೂ ಆಕಾಶ. ಇಪ್ಪತ್ತಾಯಿತು, ನಲವತ್ತಾಯಿತು, ಎಲ್ಲದರಲ್ಲೂ ಆಕಾಶವೇ.

"ಹೋಗ್ಲಿ, ಈ ಕೆಂಪು ಕಾರಿಂದೇ ಕೊಡಿ ಸಾರ್" ಎಂದಳು ಹುಡುಗಿ. "ಈ ಹೊಳಪಾದ್ರೂ ಅಪ್ಪಂದೇ ಅಲ್ವಾ?"

ವಾದಿರಾಜ ಆ ಚಿತ್ರವನ್ನು ಪ್ರಿಂಟಿಗೆ ಕೊಟ್ಟ. "ಹೂಂ ಕಣಮ್ಮ, ಅವ್ರದೇ" ಎಂದ. ಅವಳು ಹೋದ ಮೇಲೆ ಆ ಕಪ್ಪು ಅಂಗಿಯಲ್ಲೇ ಮುಖ ಒರೆಸಿಕೊಂಡ.

ಈಗ ನಾನು ಬೀರುವಿನ ಮೂಲೆಯಲ್ಲಿದ್ದೇನೆ. ಲೆನ್ಸಿಗೆ ಬೂಸಲು ಹಿಡಿದಿದೆ, ಯಾರಿಗೂ ಬೇಡ. ಅದರ ಬೇಸರ ನನಗಿಲ್ಲ. ಆರು ವರ್ಷ ಅವರು ನನ್ನ ಎಡಕ್ಕೆ, ಒಂದು ಮೊಳ ದೂರದಲ್ಲಿ ನಿಂತಿದ್ದರು. ಒಂದೇ ಒಂದು ಸಲ ನನ್ನನ್ನು ಆ ಕಡೆ ತಿರುಗಿಸಿದ್ದರೆ ಸಾಕಿತ್ತು. ಅವರು ಹೇಗೂ ತಲೆ ಬಾಚಿಕೊಂಡೇ ನಿಂತಿದ್ದರು.