ಹೋಲಿಸ್ ಟಿಡ್ಮೋರನ ಹನ್ನೊಂದನೇ ಸೀಟು

ಹೋಲಿಸ್ ಟಿಡ್ಮೋರ್ ಸತ್ತು ಒಂಬತ್ತು ವರ್ಷವಾಗಿತ್ತು. ಆದರೂ ಪ್ರತಿ ಫೆಬ್ರವರಿಯಲ್ಲಿ ಟಲ್ಲಹಟ್ಟ ವಿಶ್ವವಿದ್ಯಾಲಯದ ಟಿಕೆಟ್ ಕಚೇರಿಯಿಂದ ಅವನ ಹೆಸರಿಗೆ ಕಾಗದ ಬರುತ್ತಿತ್ತು. ಅವನೂ ತಪ್ಪದೆ ಸಹಿ ಹಾಕಿ, ದುಡ್ಡು ಕಟ್ಟಿ, ಮುಂದಿನ ಅಮೆರಿಕನ್ ಫುಟ್‌ಬಾಲ್ ಋತುವಿಗೆ ತನ್ನ ಎರಡು ಸೀಟು ಉಳಿಸಿಕೊಳ್ಳುತ್ತಿದ್ದ. ಕಚೇರಿಯಿಂದ ಫೋನ್ ಬಂದರೆ ಮಗಳು ಆರ್ಡಿತ್ ಎತ್ತಿ, "ಡ್ಯಾಡಿ ಸ್ನಾನಕ್ಕೆ ಹೋಗಿದ್ದಾರೆ, ಏನ್ ಹೇಳ್ಬೇಕು ಹೇಳಿ" ಎನ್ನುತ್ತಿದ್ದಳು. ಒಂಬತ್ತು ವರ್ಷದಿಂದ ಸ್ನಾನ ಮಾಡುತ್ತಲೇ ಇದ್ದ ಮನುಷ್ಯ. ಸಹಿಯನ್ನೂ ಅವಳೇ ಹಾಕುತ್ತಿದ್ದಳು. ಅಪ್ಪನ ಕೈಬರಹ ಅವಳ ಕೈಗೆ ಎಷ್ಟು ಕೂತಿತ್ತೆಂದರೆ, ಬ್ಯಾಂಕಿನಲ್ಲಿ ತನ್ನ ಸಹಿ ಹಾಕುವಾಗ ಅವಳು ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಇದನ್ನು ಕೇಳಿ ಯಾರೂ ಮೂಗಿನ ಮೇಲೆ ಬೆರಳಿಡಬೇಕಿಲ್ಲ. ಆ ಸೀಮೆಯಲ್ಲಿ ಒಳ್ಳೊಳ್ಳೆಯ ಸೀಟುಗಳೆಲ್ಲ ಹೆಣಗಳ ಹೆಸರಿನಲ್ಲೇ ಇದ್ದವು. ಕಚೇರಿಯ ನಿಯಮ ಹಾಗಿತ್ತು. ಎಷ್ಟು ವರ್ಷ ಟಿಕೆಟ್ ಕೊಂಡಿದ್ದೀಯ, ಎಷ್ಟು ದೇಣಿಗೆ ಕೊಟ್ಟಿದ್ದೀಯ ಎಂದು ನೋಡಿ ಮನುಷ್ಯನಿಗೆ ಅಂಕ ಕೊಡುತ್ತಾರೆ. ಅಂಕ ಇದ್ದವನು ಮೈದಾನದ ನಡುಗೆರೆಯ ಹತ್ತಿರ ಕೂರುತ್ತಾನೆ, ಇಲ್ಲದವನು ಮೋಡದ ಹತ್ತಿರ. ಸತ್ತರೆ ಆ ಅಂಕ ಹೆಂಡತಿಗೋ ಗಂಡನಿಗೋ ಹೋಗಬಹುದು, ಮಕ್ಕಳಿಗೆ ಹೋಗುವಂತಿಲ್ಲ. ಹಾಗಾಗಿ ಮಕ್ಕಳು ಚರ್ಚಿಗೆ, ಬ್ಯಾಂಕಿಗೆ, ಸರ್ಕಾರಕ್ಕೆ ಎಲ್ಲರಿಗೂ ಸಾವಿನ ಸುದ್ದಿ ಮುಟ್ಟಿಸುತ್ತಾರೆ, ಟಿಕೆಟ್ ಕಚೇರಿಗೆ ಮಾತ್ರ ಇಲ್ಲ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರಲ್ಲ, ಟಲ್ಲಹಟ್ಟದಲ್ಲಿ ಆ ಮಾತು ಅಪ್ಪಂದಿರಿಗೂ ಸಲ್ಲುತ್ತದೆ.

ಹೋಲಿಸ್ ಐವತ್ತನಾಲ್ಕು ವರ್ಷ ಟಿಕೆಟ್ ಕೊಂಡವನು, ಅದರಲ್ಲಿ ನಲವತ್ತೈದು ವರ್ಷ ಜೀವಂತವಾಗಿ. ಒಂಬತ್ತನೇ ವಿಭಾಗ, ಇಪ್ಪತ್ತೆರಡನೇ ಸಾಲು, ಹನ್ನೊಂದು ಮತ್ತು ಹನ್ನೆರಡನೇ ಸೀಟು. ಸೀಟು ಅಂದರೆ ಕಾಂಕ್ರೀಟಿನ ಮೇಲೆ ಬಡಿದ ಅಲ್ಯೂಮಿನಿಯಂ ಪಟ್ಟಿ, ಅದರ ಮೇಲೊಂದು ಅಂಕಿ, ಅಷ್ಟೇ. ಆರ್ಡಿತ್ ಹನ್ನೆರಡರಲ್ಲಿ ಕೂರುತ್ತಿದ್ದಳು. ಹನ್ನೊಂದರ ಮೇಲೆ ಅಪ್ಪನ ಕೆಂಪು ರೆಕ್ಸಿನ್ ದಿಂಬು ಇಡುತ್ತಿದ್ದಳು. 'ಹೆಚ್. ಟಿಡ್ಮೋರ್' ಎಂದು ಅಪ್ಪನೇ ಕಪ್ಪು ಮಸಿಯಲ್ಲಿ ಬರೆದ ದಿಂಬು. ಆ ಸೀಟನ್ನು ಒಂದು ದಿನಕ್ಕೂ ಅವಳು ಯಾರಿಗೂ ಮಾರಲಿಲ್ಲ, ಕೇಳಿದವರನ್ನು ಬೈದು ಕಳಿಸಿದಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಡಿಸಿ ನಿವೃತ್ತಳಾದವಳು. ಮದುವೆಯಿಲ್ಲ, ಮಕ್ಕಳಿಲ್ಲ. ವರ್ಷದಲ್ಲಿ ಏಳು ಶನಿವಾರ ವಿಶ್ವವಿದ್ಯಾಲಯದ ತಂಡ, ಟಲ್ಲಹಟ್ಟದ ಗೂಳಿಗಳು, ಊರಲ್ಲಿ ಆಡುತ್ತಿದ್ದರು. ಆ ಏಳು ದಿನ ಅವಳು ಬದುಕುತ್ತಿದ್ದಳು, ಉಳಿದ ದಿನ ಅದಕ್ಕಾಗಿ ಕಾಯುತ್ತಿದ್ದಳು.

ಅಷ್ಟು ಜಾಣೆ ಒಂದೇ ಒಂದು ತಪ್ಪು ಮಾಡಿದ್ದಳು. ಅಪ್ಪ ಸತ್ತಾಗ ಊರಿನ ಪತ್ರಿಕೆಗೆ ನಿಧನವಾರ್ತೆ ಬರೆದುಕೊಟ್ಟವಳು ಅವಳೇ. ಕೊನೆಯ ಸಾಲಿನಲ್ಲಿ, 'ಒಂಬತ್ತನೇ ವಿಭಾಗದ ಇಪ್ಪತ್ತೆರಡನೇ ಸಾಲಿನ ಹನ್ನೊಂದನೇ ಸೀಟು ಇನ್ನು ಅವರನ್ನು ಕಾಣದು' ಎಂದು ಬರೆದಳು. ಶವಸಂಸ್ಕಾರದ ಅಂಗಡಿಯವನೇ ಕೇಳಿದ್ದ, "ಮಿಸ್ ಆರ್ಡಿತ್, ಸೀಟಿನ ನಂಬರ್ ಹಾಕ್ಲೇಬೇಕಾ? ಕಚೇರಿಯವರ ಕಣ್ಣಿಗೆ ಬಿದ್ರೆ?" ಎಂದು. "ಹಾಕಪ್ಪಾ. ನಮ್ಮಪ್ಪ ಎಲ್ಲಿ ಕೂತಿದ್ರು ಅಂತ ಊರಿಗೆ ಗೊತ್ತಾಗ್ಲಿ. ಕಚೇರಿಯವ್ರು ನಮ್ಮೂರ ಪೇಪರ್ ಎಲ್ಲಿ ಓದ್ತಾರೆ?" ಎಂದಿದ್ದಳು. ಅಳು ಬರುವ ಹೊತ್ತಲ್ಲೂ ಜಂಬ ಬಿಡದ ಹೆಂಗಸು.

ಈ ಫೆಬ್ರವರಿಯಲ್ಲಿ ಬಂದ ಕಾಗದ ದಪ್ಪಗಿತ್ತು. ಪಶ್ಚಿಮದ ಎಂಟು, ಒಂಬತ್ತು, ಹತ್ತನೇ ವಿಭಾಗಗಳನ್ನು ಒಡೆದು ಕ್ಲಬ್ ಸೀಟು ಮಾಡುತ್ತಾರಂತೆ. ಮೆತ್ತನೆಯ ಕುರ್ಚಿ, ಬೆನ್ನಿಗೆ ಒರಗು, ಹಿಂದೆ ಎಸಿ ಹಾಕಿದ ದೊಡ್ಡ ಹಜಾರ, ಅಲ್ಲಿ ಬೇಕಾದಷ್ಟು ಊಟ. ಟಿಕೆಟ್ಟಿನ ಬೆಲೆ ಬೇರೆ, ಅದರ ಮೇಲೆ ಕುರ್ಚಿಗೆ ವರ್ಷಕ್ಕೆ ಎರಡೂವರೆ ಸಾವಿರ ಡಾಲರ್ ದೇಣಿಗೆ. ದೇಣಿಗೆ ಅನ್ನುವುದು ಅವರ ಮಾತು. ಕೊಡದಿದ್ದರೆ ಎದ್ದು ಹೋಗಬೇಕಾದದ್ದಕ್ಕೆ ನಾವು ದೇಣಿಗೆ ಅನ್ನುವುದಿಲ್ಲ. ಹಳಬರಿಗೆ ಮೊದಲ ಅವಕಾಶ. ಆದರೆ ಖಾತೆದಾರನೇ ಏಪ್ರಿಲ್ ಹನ್ನೆರಡರಂದು ಗುರುತಿನ ಚೀಟಿ ಹಿಡಿದು ಮೈದಾನಕ್ಕೆ ಬಂದು ಕುರ್ಚಿ ಆರಿಸಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ, ಖಾಲಿಯಾದ ಸೀಟಿಗೆ ಅದೇ ಸಾಲಿನ ಪಕ್ಕದವರಿಗೆ ಮೊದಲ ಹಕ್ಕು ಎಂದಿತ್ತು. ಆರ್ಡಿತ್ ಅದನ್ನು ಓದಿದಳು, ತನಗೆ ಸಂಬಂಧವಿಲ್ಲವೆಂದು ಬಿಟ್ಟಳು.

ದುಡ್ಡಿಗೆ ಅವಳು ಅಪ್ಪನ ಮೀನು ಹಿಡಿಯುವ ದೋಣಿ ಮಾರಿದಳು. ಆದರೆ ಅಪ್ಪನನ್ನು ಎಲ್ಲಿಂದ ತರುವುದು?

ಯೋಚಿಸಿ ಯೋಚಿಸಿ ಗಾರ್ಲಂಡ್ ಮೋಬ್ಲಿಯ ಮನೆಗೆ ಹೋದಳು. ಹದಿಮೂರನೇ ಸೀಟಿನ ಗಾರ್ಲಂಡ್. ಹದಿನಾಲ್ಕರಲ್ಲಿ ಅವನ ಹೆಂಡತಿ ನೆಲ್ಡಾ. ಆರ್ಡಿತ್ ಜೊತೆ ಮೂವತ್ತೊಂದು ವರ್ಷ ಒಂದೇ ಚೀಲದಿಂದ ಬೇಯಿಸಿದ ಕಡಲೆಕಾಯಿ ತಿಂದವರು. ಗೂಳಿಗಳು ಕೊನೇ ಗಳಿಗೆಯಲ್ಲಿ ಗೆದ್ದಾಗ ತಬ್ಬಿಕೊಂಡವರು, ಸೋತಾಗ ಒಟ್ಟಿಗೆ ತರಬೇತುದಾರನ ವಂಶವನ್ನೇ ಬೈದವರು. ಹೋಲಿಸನ ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಗಾರ್ಲಂಡನೂ ಒಬ್ಬ. ಚರ್ಚಿನಲ್ಲಿ ಹಿರಿಯ, ಭಾನುವಾರ ಕಾಣಿಕೆ ತಟ್ಟೆ ಹಿಡಿಯುವವನು.

"ಅಯ್ಯೋ ಹುಡುಗೀ, ಇಷ್ಟಕ್ಕೆ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯಾ?" ಎಂದು ನಕ್ಕ ಗಾರ್ಲಂಡ್. ಆರ್ಡಿತ್‌ಗೆ ಅರವತ್ತಾರು, ಅವನಿಗಿನ್ನೂ ಅವಳು ಹುಡುಗಿಯೇ. "ಕಚೇರೀಲಿ ಇರೋವೆಲ್ಲ ನಿನ್ನೆ ಮೊನ್ನೆ ಮೀಸೆ ಬಂದ ಮಕ್ಳು. ಮುದುಕ್ರು ಅವಕ್ಕೆಲ್ಲ ಒಂದೇ ಥರ ಕಾಣ್ತೀವಿ. ನಾನೇ ಹೋಲಿಸ್ ಅಂತ ನಿಂತ್ರೆ ಆಯ್ತಪ್ಪ. ಅವನ ಡ್ರೈವಿಂಗ್ ಲೈಸೆನ್ಸು ಐತಾ?"

"ಐತೆ. ಅವಧಿ ಮುಗ್ದಿದೆ. ಆದ್ರೆ ಗಾರ್ಲಂಡ್, ನಿಮಗೇನಾದ್ರೂ ತೊಂದ್ರೆ ಆದ್ರೆ?"

"ಆಗ್ಲಿ ಬಿಡು. ನಿಮ್ಮಪ್ಪನ್ನ ಹೊತ್ತಿದ್ದೀನಿ ನಾನು. ಹೆಸರು ಹೊರೋದು ಏನ್ ಮಹಾ ಭಾರ?"

ಆರ್ಡಿತ್‌ಳ ಕಣ್ಣು ತುಂಬಿತು. ಅವಳು ತಂದಿದ್ದ ಪೀಕನ್ ಬೀಜದ ಸಿಹಿ ಕಡುಬಿನಲ್ಲಿ ಅವನು ಎರಡನೇ ಹೋಳು ಕತ್ತರಿಸಿಕೊಂಡ. ತಿನ್ನುತ್ತಾ, "ನಮ್ಮ ಅಳಿಯಂದ್ರಿಬ್ರೂ ಮೇಲೆ ಆ ಕೊನೇ ಮೆಟ್ಟಿಲಲ್ಲಿ ಬಿಸಿಲು ಕಾಯ್ತಾರೆ. ವರ್ಷಾ ವರ್ಷಾ ನನ್ ತಲೆ ತಿಂತಾರೆ" ಎಂದ. ಅವಳು ಪಾಪ ಅಂದಳು. ಅವನ ಮನಸ್ಸು ಯಾವ ತುತ್ತಿಗೆ ತಿರುಗಿತೋ ದೇವರೇ ಬಲ್ಲ. ಲೈಸೆನ್ಸು, ಖಾತೆಯ ಕಾರ್ಡು, ದಪ್ಪ ಕಾಗದ, ಎಲ್ಲ ಅವನ ಕೈಗಿಟ್ಟು ಬಂದಳು. ಕುರಿ ಕಟುಕನನ್ನು ನಂಬುವುದು ಹೀಗೆಯೇ.

ಏಪ್ರಿಲ್ ಹನ್ನೆರಡರಂದು ಇಬ್ಬರೂ ಅವನ ಟ್ರಕ್ಕಿನಲ್ಲೇ ಹೋದರು. ಅವಳು ಚರ್ಚಿಗೆ ಹಾಕುವ ನೀಲಿ ಉಡುಪು ಹಾಕಿದ್ದಳು. ಇಪ್ಪತ್ತೆರಡನೇ ಸಾಲಿನಲ್ಲಿ ಆಗಲೇ ಮಾದರಿ ಕುರ್ಚಿಗಳನ್ನು ಹಾಕಿ ಚೀಟಿ ಕಟ್ಟಿದ್ದರು. ಆರ್ಡಿತ್ ಹನ್ನೆರಡರಲ್ಲಿ ಕೂತು ನೋಡಿದಳು. ಮೆತ್ತಗಿತ್ತು. ಅಪ್ಪ ಇದ್ದಿದ್ದರೆ ಥೂ, ಇದೇನು ಹಲ್ಲು ಕೀಳುವವನ ಕುರ್ಚಿಯಾ ಅನ್ನುತ್ತಿದ್ದರು ಎಂದುಕೊಂಡು ನಕ್ಕಳು.

ಕಚೇರಿಯ ಹುಡುಗಿ ಕೆಂಡಲ್, ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳು, ಕೈಯಲ್ಲಿ ಪಟ್ಟಿ ಹಿಡಿದು ಬಂದಳು. "ಮಿಸ್ಟರ್ ಟಿಡ್ಮೋರ್ ಅವರಾ? ಕೊನೆಗೂ ಸಿಕ್ಕಿದ್ರಿ ಸರ್! ಫೋನ್ ಮಾಡ್ದಾಗೆಲ್ಲ ಸ್ನಾನದಲ್ಲಿ ಇರ್ತಿದ್ರಿ!"

ಗಾರ್ಲಂಡ್ ಟೋಪಿ ತೆಗೆದ.

"ಇಲ್ಲಮ್ಮ, ನಾನು ಮೋಬ್ಲಿ, ಹದಿಮೂರನೇ ನಂಬರಿನವನು" ಎಂದ ಗಾರ್ಲಂಡ್. "ಟಿಡ್ಮೋರ್ ತೀರ್ಕೊಂಡು ಒಂಬತ್ತು ವರ್ಷ ಆಯ್ತು. ನಾನೇ ಹೆಗಲು ಕೊಟ್ಟಿದ್ದೆ."

ಹೇಳಿ, ಜೇಬಿನಿಂದ ತನ್ನ ಬೈಬಲ್ ತೆಗೆದು, ಅದರೊಳಗಿಂದ ಹಳದಿಯಾದ ಪತ್ರಿಕೆಯ ತುಂಡು ತೆಗೆದು ಕೊಟ್ಟ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಆರ್ಡಿತ್ ಬರೆದ ಸಾಲನ್ನೇ ಕೆಂಡಲ್ ಜೋರಾಗಿ ಓದಿದಳು, ವಿಭಾಗ, ಸಾಲು, ಸೀಟು, ಎಲ್ಲ. ಒಂಬತ್ತು ವರ್ಷ ಆ ತುಂಡು ಅವನ ಬೈಬಲ್ಲಿನಲ್ಲಿತ್ತು. ಪ್ರೀತಿಯಿಂದ ಇಟ್ಟುಕೊಂಡಿದ್ದನೋ, ಇಂಥ ದಿನಕ್ಕೆಂದೇ ಇಟ್ಟುಕೊಂಡಿದ್ದನೋ, ಆರ್ಡಿತ್‌ಗೆ ಕೊನೆಯವರೆಗೂ ತಿಳಿಯಲಿಲ್ಲ.

"ಗಾರ್ಲಂಡ್..." ಎಂದಳು.

"ಬೇಜಾರ್ ಮಾಡ್ಕೋಬೇಡ ಹುಡುಗೀ. ದೇವರ ಮನೇಲಿ ಕಾಣಿಕೆ ತಟ್ಟೆ ಹಿಡಿಯೋ ಕೈ ಇದು. ಸುಳ್ಳು ಹೇಳಕ್ಕೆ ಹೋದೆ, ಬಾಯಿಗೆ ಬರ್ಲೇ ಇಲ್ಲ." ಆಮೇಲೆ ಕೆಂಡಲ್ ಕಡೆ ತಿರುಗಿ, "ಪಕ್ಕದವ್ರಿಗೆ ಮೊದಲ ಹಕ್ಕು ಅಲ್ವೇನಮ್ಮಾ? ಹನ್ನೊಂದು, ಹನ್ನೆರಡು ನನ್ ಹೆಸರಿಗೆ ಬರ್ಕೋ. ಅಳಿಯಂದ್ರಿಗೆ" ಎಂದ.

ಕೆಂಡಲ್ ಬರೆದುಕೊಂಡಳು. ನಂತರ ಆರ್ಡಿತ್‌ಳ ಕೈ ಹಿಡಿದು, "ನಿಮ್ಮ ತಂದೆಯವರು ಹೋದದ್ದಕ್ಕೆ ನಮ್ಮೆಲ್ಲರಿಗೂ ತುಂಬಾ ದುಃಖ ಆಗಿದೆ ಮೇಡಂ" ಎಂದಳು. ಒಂಬತ್ತು ವರ್ಷದ ಮೇಲೆ ಬಂದ ಸಂತಾಪ! "ಸುಳ್ಳು ಸಹಿ ವಿಷಯ ಕಚೇರಿ ದೊಡ್ಡದು ಮಾಡಲ್ಲ. ನೆನಪಿಗೆ ಅವರ ಹೆಸರು ಕೆತ್ತಿದ ಒಂದು ಇಟ್ಟಿಗೆ ಹೆಬ್ಬಾಗಿಲಲ್ಲಿ ಹಾಕಿಸಬಹುದು, ಮುನ್ನೂರು ಡಾಲರ್ ಅಷ್ಟೇ. ಮತ್ತೆ ನಿಮ್ಮ ಸ್ವಂತ ಹೆಸರಲ್ಲಿ ಮೇಲಿನ ಅಂತಸ್ತಲ್ಲಿ ಒಂದು ಸೀಟ್ ಕೊಡ್ಬಹುದು. ಕೊನೇ ಸಾಲು."

ಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬರಬೇಕಿತ್ತು. ಆರ್ಡಿತ್ ಬೇಕು ಎಂದಳು. ಮನೆಗೆ ಬಸ್ಸಿನಲ್ಲಿ ಹೋದಳು.

ಸೆಪ್ಟೆಂಬರಿನ ಮೊದಲ ಶನಿವಾರ ಉರಿಬಿಸಿಲು. ಮೇಲಿನ ಅಂತಸ್ತಿನ ಕೊನೇ ಸಾಲಿನಿಂದ ಆಟಗಾರರು ಕೆಂಪಿರುವೆಗಳಂತೆ ಕಾಣುತ್ತಿದ್ದರು. ಅವಳು ದುರ್ಬೀನು ತಂದಿದ್ದಳು, ಆದರೆ ಅದನ್ನು ಮೈದಾನದ ಕಡೆ ತಿರುಗಿಸಲೇ ಇಲ್ಲ. ಒಂಬತ್ತನೇ ವಿಭಾಗವನ್ನು ನೋಡಿದಳು. ನಂಬಲಾಗಲಿಲ್ಲ. ಸಾಲಿಗೆ ಸಾಲೇ ಖಾಲಿ! ಎರಡೂವರೆ ಸಾವಿರ ಕೊಟ್ಟವರೆಲ್ಲ ಎಸಿ ಹಜಾರದೊಳಗೆ ಸೀಗಡಿ ತಿನ್ನುತ್ತಾ ಅದೇ ಆಟವನ್ನು ಟೀವಿಯಲ್ಲಿ ನೋಡುತ್ತಿದ್ದರು. ಇಪ್ಪತ್ತೆರಡನೇ ಸಾಲಿನಲ್ಲಿ ಗಾರ್ಲಂಡ್ ಒಬ್ಬನೇ ಕೂತಿದ್ದ. ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡುತ್ತಿದ್ದ, ಮಾತಾಡಲು ಯಾರೂ ಇಲ್ಲದವನ ಹಾಗೆ. ಅವಳಿಗೆ ಹೊಟ್ಟೆ ತಣ್ಣಗಾಯಿತು.

ಫೋನ್ ಬಡಿದುಕೊಂಡಿತು.

"ಏ ಹುಡುಗೀ, ಎಲ್ಲಿದ್ದೀಯಾ? ಕೆಳಗಡೆ ಬಾ. ನೆಲ್ಡಾಗೆ ಮಂಡಿನೋವು, ಬಂದಿಲ್ಲ. ಒಳಗೆ ಬಿಡೋಕೆ ಕೊಡೋ ಅವಳ ಕೈಪಟ್ಟಿ ನನ್ ಹತ್ರ ಐತೆ. ಅಳಿಯಂದ್ರು ಒಳಗೆ ತಿಂತಾ ಕೂತವ್ರೆ, ಹೊರಗೆ ಬರಲ್ಲ. ನಿಮ್ಮಪ್ಪನ ಸೀಟಲ್ಲೇ ಕೂತ್ಕೋ ಬಾ."

ಐದು ತಿಂಗಳು ಅವನ ಹೆಸರೆತ್ತಿದರೆ ಉಗಿಯುತ್ತಿದ್ದಳು. ಚರ್ಚು ಬದಲಿಸಿದ್ದಳು. ಏನೇನು ಹೇಳಬೇಕೆಂದು ರಾತ್ರಿಯೆಲ್ಲ ಉರು ಹಾಕಿದ್ದಳು. ಈಗ ಬಾಯಿಂದ ಬಂದದ್ದು ಒಂದೇ ಮಾತು: "ಬಂದೆ."

ತೊಂಬತ್ತು ಮೆಟ್ಟಿಲು ಇಳಿದಳು, ಕೆಂಪು ದಿಂಬು ಕಂಕುಳಲ್ಲಿ. ಮಾನ ಮರ್ಯಾದೆ ಎಲ್ಲ ಮೇಲಿನ ಸಾಲಿನಲ್ಲೇ ಬಿಟ್ಟು ಬಂದಳು. ಅವಳನ್ನು ಬೈಯಬೇಕು ಅನಿಸುತ್ತದೆ, ಬೈಯಲು ಮನಸ್ಸು ಬರುವುದಿಲ್ಲ. ಬಾಗಿಲಲ್ಲಿ ಗಾರ್ಲಂಡ್ ಅವಳ ಮಣಿಕಟ್ಟಿಗೆ ಕೈಪಟ್ಟಿ ಸುತ್ತಿದ. ಹನ್ನೊಂದನೇ ಕುರ್ಚಿಯ ಮೇಲೆ ದಿಂಬು ಇಟ್ಟು, ಅದರ ಮೇಲೆ ತಾನೇ ಕೂತಳು. ಎದುರಿಗೆ ನಡುಗೆರೆ. ಆಟಗಾರರ ಬೈಗುಳ ಕೇಳಿಸುವಷ್ಟು ಹತ್ತಿರ. ಚೀಲದಿಂದ ಕಡಲೆಕಾಯಿ ತೆಗೆದಳು. ಇಬ್ಬರೂ ತಿಂದರು. ಗೂಳಿಗಳು ಮುಂದಿದ್ದರು.

"ಆ ಹೊಸ ಹುಡ್ಗ ಚೆಂಡು ಚೆನ್ನಾಗ್ ಎಸೀತಾನೆ ಅಲ್ವಾ?" ಎಂದ ಗಾರ್ಲಂಡ್.

"ಡ್ಯಾಡಿಗೆ ಇಷ್ಟ ಆಗ್ತಿದ್ದ" ಎಂದಳು ಆರ್ಡಿತ್. ಅವಳಿಗೆ ಸುಖವಾಗಿತ್ತು. ಹೇಳಲು ನಾಚಿಕೆಯಾಗುವಷ್ಟು ಸುಖವಾಗಿತ್ತು.

ಆಟದ ಮೂರನೇ ಕಾಲುಭಾಗ ಮುಗಿಯುವ ಹೊತ್ತಿಗೆ ಹಿಂದಿನ ಗಾಜಿನ ಬಾಗಿಲು ತೆರೆಯಿತು. ಹಿರಿಯ ಅಳಿಯ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಬಿಯರು, ಅವಳ ತಲೆಯ ಮೇಲೆ ನಿಂತ.

"ಅಮ್ಮಾವ್ರೇ, ಇದು ನನ್ ಸೀಟು."

ಹನ್ನೆರಡು ಖಾಲಿಯಿತ್ತು. ಹತ್ತು ಖಾಲಿಯಿತ್ತು. ಮುಂದಿನ ಸಾಲು ಪೂರ್ತಿ ಖಾಲಿಯಿತ್ತು. ಆರ್ಡಿತ್ ಗಾರ್ಲಂಡನ ಕಡೆ ನೋಡಿದಳು. ಅವನು ಮೈದಾನ ನೋಡುತ್ತಿದ್ದ.

ಅವಳು ಎದ್ದಳು. ಮಡಿಲಿನ ಸಿಪ್ಪೆ ಕೊಡವಿಕೊಂಡು ಮೆಟ್ಟಿಲ ಕಡೆ ಹೊರಟಳು. ಬೆನ್ನ ಹಿಂದೆ ಅಳಿಯ ಕೇಳಿದ್ದು ಕೇಳಿಸಿತು, "ಯಾರ್ ಮಾವ ಅದು?"

"ಯಾರೋ ಮೇಲ್ಗಡೆಯವ್ರು" ಎಂದ ಗಾರ್ಲಂಡ್. "ಬಿಸಿಲು ಅಂತ ಬಂದಿದ್ರು."

ತೊಂಬತ್ತು ಮೆಟ್ಟಿಲು ಹತ್ತಿ ತನ್ನ ಸೀಟಿಗೆ ಬಂದ ಮೇಲೆ, ದಿಂಬು ಹಾಕಲು ಕಂಕುಳಿಗೆ ಕೈ ಹಾಕಿದಳು. ದಿಂಬು ಇರಲಿಲ್ಲ. ದುರ್ಬೀನು ಹಿಡಿದಳು. ಆ ಸಾಲು ಸಿಗಲು ಹೊತ್ತಾಯಿತು. ಹನ್ನೊಂದರಲ್ಲಿ ಅಳಿಯ ಕಾಲು ಚಾಚಿ ಕೂತಿದ್ದ, ಅಪ್ಪನ ದಿಂಬನ್ನು ಬೂಟಿನ ಕೆಳಗೆ ಹಾಕಿಕೊಂಡಿದ್ದ. ಗಾರ್ಲಂಡ್ ಅದನ್ನು ಬಗ್ಗಿ ನೋಡಿದ. ನೋಡಿ, ಅಲ್ಲೇ ಬಿಟ್ಟ.

ಆಗಲೇ ಗೂಳಿಗಳ ಹುಡುಗ ಚೆಂಡು ಹಿಡಿದು ಕೊನೇ ಗೆರೆ ದಾಟಿದ. ಕ್ರೀಡಾಂಗಣ ಪೂರ್ತಿ ಎದ್ದು ನಿಂತಿತು. ಆರ್ಡಿತ್ ದುರ್ಬೀನು ಕಣ್ಣಿಂದ ಇಳಿಸದೆ ತಾನೂ ಎದ್ದು ನಿಂತಳು, ಐವತ್ತು ವರ್ಷದ ಅಭ್ಯಾಸದಂತೆ ಗಂಟಲು ಹರಿಯುವಷ್ಟು ಜೋರಾಗಿ ಎಲ್ಲರ ಜೊತೆ ಕೂಗಿದಳು.