ವಿಮಾನದಲ್ಲಿ ಹೋಗುವ ಗಂಡ

ಎಂಬತ್ತರ ದಶಕದ ನಡುವಿನ ಮಾತು. ಬೆಟಗೇರಿಯ ಆ ಓಣಿಯಲ್ಲಿ ವಿಮಾನ ಹತ್ತಿದ ಮನುಷ್ಯ ಅಂತ ಇದ್ದವನು ಮಹಬೂಬಸಾಬ ಒಬ್ಬನೇ. ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಗಳಿಗೆ ಬೇಕಾಗುವ ಬೆಲ್ಟು, ಬೇರಿಂಗು, ಹಲ್ಲಿನ ಗಾಲಿ ಮಾರುವ ಅಂಗಡಿ ಅವನದು. ಮಾಲನ್ನು ಮುಂಬಯಿಗೇ ಹೋಗಿ, ಕೈಯಿಂದ ಮುಟ್ಟಿ ನೋಡಿ ತರಬೇಕು ಎಂಬುದು ಅವನ ಹಟ. ಮೊದಲೆಲ್ಲ ತನ್ನ ಅಂಬಾಸಿಡರ್ ಕಾರಿನಲ್ಲಿ ಡ್ರೈವರ್ ಫಕ್ರುಸಾಬನನ್ನು ಕರೆದುಕೊಂಡು ಹೋಗಿಬರುತ್ತಿದ್ದ. ಒಂದು ಸಲ ಪುಣೆಯ ಆಚೆ ಘಾಟಿನಲ್ಲಿ ಬ್ರೇಕು ಕೈಕೊಟ್ಟು, ಕಾರು ಗುಡ್ಡದ ಬದಿಗೆ ಉಜ್ಜಿಕೊಂಡು ನಿಂತಿತು. ಇಬ್ಬರಿಗೂ ಗಾಯವಾಗಲಿಲ್ಲ. ಆದರೆ ಊರಿಗೆ ಬಂದವನು ಕಾಲು ತೊಳೆಯುವ ಮೊದಲೇ ಹೆಂಡತಿಗೆ ಹೇಳಿದ:

“ದೂರದ ಹಾದಿಗೆ ಇನ್ನ ಕಾರು ಬ್ಯಾಡ. ಬೆಳಗಾವಿತನಕ ಕಾರಿನಾಗ ಹೋಗಿ, ಅಲ್ಲಿಂದ ವಿಮಾನ ಹತ್ತತೇನಿ.”

ರೈಲಿನ ಮಾತು ತೆಗೆದರೆ ಮೀರಜಿನಲ್ಲಿ ಗಾಡಿ ಬದಲಿಸುವ ತಾಪತ್ರಯ ಹೇಳಿದ. ಅಲ್ಮಾಸಬಿ ಬೇಡವೆನ್ನಲಿಲ್ಲ. ಗಂಡನ ಜೀವ ಉಳಿದದ್ದೇ ಆಕೆಗೆ ಸಾಕಾಗಿತ್ತು. ಮೊದಲ ಸಲ ಅವನು ವಿಮಾನಕ್ಕೆಂದು ಹೊರಟಾಗ ಓಣಿಯ ಜನ ಕಾರಿನ ಸುತ್ತ ನಿಂತರು. ಮಗ್ಗದ ಮನೆಯ ಮಾಳವ್ವ ಬಂದು ಅವನ ಜೇಬಿಗೆ ಒಂದು ನಿಂಬೆಹಣ್ಣು ಹಾಕಿದಳು. ತಿರುಗಿ ಬಂದ ಮೇಲೆ ಚಹಾದಂಗಡಿಯಲ್ಲಿ ಅವನ ಮಾತೇ ಮಾತು. ಮೋಡ ಕಾಲಕೆಳಗೆ ಬರುತ್ತದೆಂದೂ, ಆಳು ಮಕ್ಕಳು ಸಾಸಿವೆಯಂತೆ ಕಾಣುತ್ತಾರೆಂದೂ ಅವನು ಹೇಳಿದ್ದನ್ನು ಜನ ಬಾಯಿ ತೆರೆದು ಕೇಳಿದರು.

ಅಲ್ಮಾಸಬಿ ಮುಂಡರಗಿಯ ದನದ ವ್ಯಾಪಾರಿಯ ಮಗಳು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡದೆ ವ್ಯಾಪಾರಕ್ಕೆ ಕೈ ಕೊಟ್ಟವನಲ್ಲ ಆಕೆಯ ಅಪ್ಪ. ಆ ಗುಣ ಮಗಳಿಗೂ ಬಂದಿತ್ತು. ಗಂಡ ವಿಮಾನದಿಂದ ಇಳಿದು ಬಂದಾಗಲೆಲ್ಲ ಅವನ ಬಟ್ಟೆ ಒಗೆಯುವವಳು ಆಕೆಯೇ. ಕುರ್ತಾದ ಕಾಲರಿನಲ್ಲಿ ಕರೀ ಧೂಳು ಕೂತಿರುತ್ತಿತ್ತು. ಬೀಡಿಯ ವಾಸನೆ ಹೊಡೆಯುತ್ತಿತ್ತು, ಮಹಬೂಬಸಾಬ ಬೀಡಿ ಮುಟ್ಟಿದವನಲ್ಲ.

“ವಿಮಾನದಾಗ ಇಷ್ಟು ಧೂಳು ಎಲ್ಲಿಂದ ಬರತೈತ್ರಿ?” ಅಂದಳು ಆಕೆ.

“ಮುಂಬಯಿ ಅಂದ್ರ ಧೂಳಲ್ಲೇನು,” ಅಂದ ಅವನು, ಮುಖ ನೋಡದೆ.

ಉತ್ತರ ಸರಿಯಾಗಿಯೇ ಇತ್ತು. ಆದರೆ ಆಕೆಯ ಮನಸ್ಸಿಗೆ ಒಂದು ಮುಳ್ಳು ಚುಚ್ಚಿಕೊಂಡಿತು. ಅಂದಿನಿಂದ ಆಕೆ ನೋಡತೊಡಗಿದಳು. ಕಾರಿನಲ್ಲಿ ಹೋಗುವಾಗ ಎಷ್ಟು ದಿನ ಹಿಡಿಯುತ್ತಿತ್ತೋ ವಿಮಾನದಲ್ಲಿ ಹೋದರೂ ಅಷ್ಟೇ ದಿನ ಹಿಡಿಯುತ್ತಿತ್ತು. ಕೇಳಿದರೆ ಬೆಳಗಾವಿಯಲ್ಲಿ ಕೆಲಸವಿತ್ತು ಅನ್ನುತ್ತಿದ್ದ. ಮುಂಬಯಿಯಿಂದ ತಂದೆ ಎಂದು ಕೊಟ್ಟ ಚಪ್ಪಲಿ ಕೊಲ್ಹಾಪುರದವು ಅಂತ ಯಾರು ನೋಡಿದರೂ ಹೇಳಬಹುದಿತ್ತು. ನಾನೂ ಒಮ್ಮೆ ವಿಮಾನ ನೋಡುತ್ತೇನೆ, ಬೆಳಗಾವಿಯತನಕ ಬರುತ್ತೇನೆ ಅಂದರೆ, “ಅಲ್ಲೇನೈತಿ ನೋಡಾಕ, ಬಯಲು,” ಅಂತ ಮಾತು ತೇಲಿಸುತ್ತಿದ್ದ.

ಆ ಹೊತ್ತಿಗೆ ಲಕ್ಷ್ಮೇಶ್ವರದಿಂದ ಮಾಶಾಕ ಬಂದ. ಮಾಶಾಕ ಆಕೆಯ ತಂಗಿ ಮುಮ್ತಾಜಳ ಗಂಡ, ಕಿರಾಣಿ ಅಂಗಡಿಯವನು. ಮಹಬೂಬಸಾಬ ಅಂಗಡಿಯಲ್ಲಿದ್ದ. ಮಾಶಾಕ ರೊಟ್ಟಿ ಮುರಿಯುತ್ತ, ಸುಮ್ಮನೆ ನೆನಪಾದವನಂತೆ ಹೇಳಿದ:

“ಹ್ವಾದ ವಾರ ಬೆಲ್ಲ ತರಾಕ ಕೊಲ್ಹಾಪುರಕ್ಕ ಹೋಗಿದ್ದೆರಿ ಆಪಾ. ಬಸ್‌ಸ್ಟ್ಯಾಂಡಿನಾಗ ಭಾಯಿಸಾಬ್ರನ್ನ ಕಂಡೆ.”

ಅಲ್ಮಾಸಬಿಯ ಕೈಯಲ್ಲಿದ್ದ ಪಲ್ಯದ ಸೌಟು ನಿಂತಿತು. ಹೋದ ವಾರ ಗಂಡ ವಿಮಾನದಲ್ಲಿ ಮುಂಬಯಿಗೆ ಹೋಗಿದ್ದ. ಬಂದಾಗ ಅವನ ಕುರ್ತಾದ ತೋಳಿನ ಮೇಲೆ ಯಾರೋ ವಾಂತಿ ಮಾಡಿಕೊಂಡ ಕಲೆಯಿತ್ತು.

“ಬ್ಯಾರೆ ಯಾರೋ ಇರಬೇಕು.”

“ಇಲ್ರಿ, ಅವರ. ಕೂಗಿದೆ. ನನ್ನ ಕಡೆ ನೋಡಿ ಮಾರಿ ತಿರುವಿದ್ರು. ಹೆಗಲ ಮ್ಯಾಲೆ ಒಂದು ಸಣ್ಣ ಕೂಸಿತ್ತು. ಯಾರದರಿ ಆ ಕೂಸು?”

“ನನಗೇನು ಗೊತ್ತು,” ಅಂದಳು. ಸೌಟು ಮತ್ತೆ ಆಡಿತು. ಮಾಶಾಕ ಬೇಗ ಬೇಗ ರೊಟ್ಟಿ ಮುಗಿಸಿದ. ಹೇಳಬಾರದ್ದನ್ನು ಹೇಳಿದೆ ಎಂದು ಅವನಿಗೆ ಆಗ ಹೊಳೆದಿರಬೇಕು.

ಆಕೆ ಅಳಲಿಲ್ಲ. ಗಂಡನನ್ನೂ ಕೇಳಲಿಲ್ಲ. ಕೇಳಿದರೆ ಅವನು ಒಂದು ಉತ್ತರ ಕೊಡುತ್ತಾನೆ, ಆ ಉತ್ತರವೂ ಸರಿಯಾಗಿರುತ್ತದೆ ಎಂದು ಆಕೆಗೆ ಗೊತ್ತಿತ್ತು. ಕೊಲ್ಹಾಪುರದಲ್ಲಿ ಒಂದು ಮನೆ ಇರಬೇಕು, ಅದರಲ್ಲಿ ಒಬ್ಬಾಕೆ, ಆಕೆಗೊಂದು ಕೂಸು. ವಿಮಾನದ ಹೆಸರು ಹೇಳಿದ್ದು ಡ್ರೈವರನ ಕಣ್ಣು ತಪ್ಪಿಸಲಿಕ್ಕೆ. ಕಾರಿನಲ್ಲಿ ಹೋದರೆ ಜೊತೆಗೆ ಸಾಕ್ಷಿಯೊಂದು ಇರುತ್ತದೆ. ಇಷ್ಟು ದಿನ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಕಾರು ತೊಳೆಯುತ್ತಿದ್ದ ಫಕ್ರುಸಾಬನ ಹತ್ತಿರ ಹೋಗಿ ನಿಂತಳು.

“ಸಾವಕಾರ್ರನ್ನ ಎಲ್ಲಿ ಇಳಿಸತಿ ನೀ?”

“ಬೆಳಗಾವಿ ಸಾಂಬ್ರಾದಾಗರಿ ಭಾಭಿ. ವಿಮಾನದ ಗೇಟಿಗೆ.”

“ವಿಮಾನ ಹಾರಿದ್ದು ನೋಡೀಯೇನು?”

ಫಕ್ರುಸಾಬ ಅರಿವೆ ಹಿಂಡುತ್ತ ವಿಚಾರ ಮಾಡಿದ. “ಇಲ್ರಿ. ಇಳಿದ ಕೂಡಲೆ ನೀ ನಡಿ ಅಂತಾರ. ಒಂದ್ಸಲ ನೋಡಿ ಹೋಗತೇನ್ರಿ ಅಂದೆ, ಸಿಟ್ಟಿಗೆದ್ರು.”

ಆಕೆಗೆ ಬೇಕಾದ್ದು ಸಿಕ್ಕಿತು. ಮುಂದಿನ ತಿಂಗಳು ಮುಂಬಯಿಯ ಕುರ್ಲಾದಲ್ಲಿರುವ ಆಕೆಯ ಅಣ್ಣ ಬುಡ್ಡೇಸಾಬನ ಮಗಳ ನಿಕಾಹ್ ಇತ್ತು. ಊಟಕ್ಕೆ ಕೂತ ಗಂಡನಿಗೆ ಆಕೆ ಹೇಳಿದಳು:

“ಲಗ್ನಕ್ಕ ಇಬ್ರೂ ವಿಮಾನದಾಗ ಹೋಗೋಣು.”

ಮಹಬೂಬಸಾಬ ನೀರು ಕುಡಿದ. “ಕಾರಿನಾಗ ಹೋಗೋಣು. ಸಾಮಾನು ಭಾಳ ಆಗತಾವು.”

“ದೂರದ ಹಾದಿಗೆ ಕಾರು ಬ್ಯಾಡ ಅಂದವರು ನೀವ.”

“ಬ್ರೇಕು ಹೊಸಾವು ಹಾಕಿಸೇನಲ್ಲ.”

“ಹಂಗಾದ್ರ ನೀವ್ಯಾಕ ಕಾರಿನಾಗ ಹೋಗಂಗಿಲ್ಲ?”

ವಿಮಾನದಲ್ಲಿ ಕಿವಿ ನೋಯುತ್ತದೆ ಅಂದ. ಹೆಣ್ಣುಮಕ್ಕಳಿಗೆ ತಲೆ ತಿರುಗುತ್ತದೆ ಅಂದ. ಟಿಕೆಟ್ ಸಿಗುವುದಿಲ್ಲ ಅಂದ. ಎರಡು ಟಿಕೆಟುಗಳನ್ನು ಆಕೆ ಮಾಶಾಕನ ಕೈಯಿಂದ ಹುಬ್ಬಳ್ಳಿಯಲ್ಲಿ ತರಿಸಿಯೇ ಬಿಟ್ಟಿದ್ದಳು. ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಅವನು ಅವುಗಳ ಕಡೆ ನೋಡಿದ ಪರಿ, ಅಂಗಡಿಗೆ ಬಂದ ಪೊಲೀಸರನ್ನು ನೋಡಿದಂತಿತ್ತು. ಇವನು ಸಿಕ್ಕಿಬಿದ್ದ ಎಂದುಕೊಂಡಳು ಅಲ್ಮಾಸಬಿ. ಸಂತೋಷವೇನೂ ಆಗಲಿಲ್ಲ.

ಹೊರಡುವ ದಿನ ನಸುಕಿನಲ್ಲಿ ಬೆಟಗೇರಿ ಬಿಟ್ಟರು. ಹುಬ್ಬಳ್ಳಿಯಲ್ಲಿ ಕಾರು ನಿಲ್ಲಿಸಿ ಅವನು ಮೂತ್ರಕ್ಕೆ ಇಳಿದು ಹೋಗಿಬಂದ, ಧಾರವಾಡದಲ್ಲಿ ಮತ್ತೆ ಇಳಿದ. ಚಹಾ ಬೇಡವೆಂದ. ಆಕೆ ಹಿಂದಿನ ಸೀಟಿನಲ್ಲಿ ಕೂತು ಅವನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಅಲ್ಲಿ ಬೆವರಿನ ಹನಿಗಳಿದ್ದವು, ಗಾಳಿ ತಣ್ಣಗಿತ್ತು. ಯಾರೋ ಕಾಯುತ್ತಿರಬೇಕು, ಅವರಿಗೆ ಹೇಳಿ ಕಳಿಸಲಿಕ್ಕೆ ಆಗಿಲ್ಲ, ಅದಕ್ಕೇ ಈ ಕಳವಳ ಎಂದು ಆಕೆ ಲೆಕ್ಕ ಹಾಕಿದಳು.

ಸಾಂಬ್ರಾದ ಗೇಟಿನಲ್ಲಿ ಇಳಿದಾಗ ಆಕೆ ಗಂಡನಿಗೆ ಕೇಳಿಸದ ಹಾಗೆ ಫಕ್ರುಸಾಬನಿಗೆ ಹೇಳಿದಳು:

“ವಿಮಾನ ಹಾರೂತನಕ ಇಲ್ಲೇ ನಿಂದ್ರು. ಯಾರು ಹೋಗಂದ್ರೂ ಹೋಗಬ್ಯಾಡ.”

ಒಳಗೆ ಒಂದು ಸಣ್ಣ ಕಟ್ಟಡ. ಮಹಬೂಬಸಾಬ ಚೀಲ ಹಿಡಿದುಕೊಂಡು ಸೀದಾ ಹೋಗಿ ಒಂದು ಬಾಗಿಲು ತಳ್ಳಿದ. ಅದು ಕಸಬರಿಗೆ, ಬಕೀಟು ಇಡುವ ಕೋಣೆ. ಅಲ್ಲಿಂದ ತಿರುಗಿ ಇನ್ನೊಂದು ಕಡೆ ಹೊರಟಾಗ ಸಮವಸ್ತ್ರದವನೊಬ್ಬ ತಡೆದು, ಚೀಲ ತೂಗಿಸಬೇಕು ಎಂದು ತೋರಿಸಿದ. ಅವನು ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದ.

ಅಲ್ಮಾಸಬಿಗೆ ತಿಳಿದುಹೋಯಿತು. ಈ ಮನುಷ್ಯ ಇಲ್ಲಿ ಓಡಾಡಿದವನೇ ಅಲ್ಲ. ಅನುಮಾನ ಪಡುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಇಷ್ಟು ದಿನ ಮನಸ್ಸಿನ ಒಂದು ಮೂಲೆ ‘ಇರಲಿಕ್ಕಿಲ್ಲ’ ಅನ್ನುತ್ತಿತ್ತು, ಅದೂ ಬಾಯಿ ಮುಚ್ಚಿತು.

ಕರೆ ಬಂತು. ಜನರ ಹಿಂದೆ ಬಯಲಿಗೆ ನಡೆದರು. ವಿಮಾನ ಬಿಸಿಲಿಗೆ ಹೊಳೆಯುತ್ತ ನಿಂತಿತ್ತು, ಅದರ ಪಂಖಗಳ ಹತ್ತಿರ ಒಬ್ಬ ಏನೋ ತಪಾಸು ಮಾಡುತ್ತಿದ್ದ. ಮೆಟ್ಟಿಲು ಇನ್ನೂ ದೂರವಿರುವಾಗಲೇ ಮಹಬೂಬಸಾಬ ನಿಂತುಬಿಟ್ಟ. ಹೆಂಡತಿಯ ತೋಳು ಹಿಡಿದುಕೊಂಡ.

“ಅಲ್ಮಾಸ, ನನ್ನ ಕಡಿಂದ ಆಗಂಗಿಲ್ಲ.”

“ಏನಾಗಂಗಿಲ್ಲ?”

“ಹತ್ತಾಕ. ಮೊದಲನೇ ಸಲ ಒಳಗ ಬರಲೇ ಇಲ್ಲ, ಗೇಟಿನಾಗ ನಿಂತೆ. ಅಲ್ಲಿಂದ ಈ ಮೆಟ್ಟಲಾ ನೋಡಿದೆ, ಕಾಲು ಎತ್ತಾಕ ಬರಲಿಲ್ಲ. ಘಾಟಿನಾಗ ಕಾರು ಜಾರಿದ್ದ ಕಣ್ಣ ಮುಂದ ಬಂತು. ತಿರುಗಿ ಹೋಗಿ ಬಸ್ಸು ಹತ್ತಿದೆ.”

“ಆಮ್ಯಾಲೆ?”

“ಆಮ್ಯಾಲೆ ಟಿಕೆಟ್ ತಗೊಳ್ಳಲೇ ಇಲ್ಲ. ಗೇಟಿನಾಗ ಇಳಿದು, ಫಕ್ರು ಹೋದ ಮ್ಯಾಲೆ ಬೆಳಗಾವಿ ಬಸ್‌ಸ್ಟ್ಯಾಂಡಿಗೆ ಹೋಗೋದು. ಮುಂಬಯಿತನಕ ಬಸ್ಸ. ಊರೆಲ್ಲಾ ಕೂಡಿ ಕಳಿಸಿತ್ತು, ಮಾಳವ್ವ ನಿಂಬಿಹಣ್ಣು ಕೊಟ್ಟಿದ್ದಳು. ತಿರುಗಿ ಬಂದು ಹತ್ತಲಿಲ್ಲ ಅಂತ ಹೆಂಗ ಹೇಳಲಿ?”

ಆಕೆ ಅವನ ಮುಖ ನೋಡಿದಳು, ಅಪ್ಪ ಎತ್ತಿನ ಬಾಯಿ ನೋಡುತ್ತಿದ್ದಂತೆ.

“ಕೊಲ್ಹಾಪುರದಾಗ ಹೆಗಲ ಮ್ಯಾಲೆ ಇದ್ದ ಕೂಸು ಯಾರದು?”

ಅವನು ಬೆಚ್ಚಿದ. “ಮಾಶಾಕ ಹೇಳಿದನೇನು? ಬಸ್ಸಿನಾಗ ಬಾಜೂ ಕುಂತಿದ್ದಾಕಿದು. ಸಾತಾರಾಕ್ಕ ಹೊಂಟಿದ್ಲು. ನೀರು ತರತೇನಿ, ಹಿಡೀರಿ ಅಂತ ಕೊಟ್ಟು ಹ್ವಾದಳು. ಬಸ್ಸು ಬಿಡೂ ಹೊತ್ತಾತು, ಆಕಿ ಬರಲಿಲ್ಲ. ಅದರಾಗ ಮಾಶಾಕ ಕೂಗಿದ. ಕೂಸು ಮೈಮ್ಯಾಲೆ ವಾಂತಿ ಮಾಡ್ಕೊಂತು. ಕಡೀಕೆ ಆಕಿ ಓಡಿ ಬಂದು ಇಸಕೊಂಡ್ಲು.”

ಹಿಂದಿನಿಂದ ಯಾರೋ ಜಲ್ದಿ ಬನ್ನಿ ಎಂದು ಕರೆದರು. ಉಳಿದವರೆಲ್ಲ ಹತ್ತಿ ಆಗಿತ್ತು. ಅಲ್ಮಾಸಬಿ ವಿಮಾನ ನೋಡಿದಳು, ಗಂಡನನ್ನು ನೋಡಿದಳು. ಅವನು ಆಕೆಯ ತೋಳು ಇನ್ನೂ ಬಿಟ್ಟಿರಲಿಲ್ಲ.

“ಫಕ್ರುಸಾಬ ಗೇಟಿನಾಗ ಅದಾನ. ನೀವು ಕಾರಿನಾಗ ಬರ್ರಿ,” ಅಂದಳು. “ಬಸ್ಸು ಬ್ಯಾಡ. ಕೊಲ್ಹಾಪುರದಾಗ ಇಳಿಯಾಕೂ ಬ್ಯಾಡ.”

“ನೀ?”

“ನಾ ಹತ್ತತೇನಿ. ತರಿಸಿದ ಟಿಕೆಟ್ ಯಾಕ ಹಾಳು ಮಾಡೋಣು?”

ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲ ಕಡೆ ನಡೆದಳು. ವಿಮಾನ ಓಡಿ ನೆಲ ಬಿಟ್ಟಾಗ ಕಣ್ಣು ಮುಚ್ಚಿ ಕಲ್ಮಾ ಅಂದಳು. ಕಣ್ಣು ತೆರೆದರೆ ಹೊಲಗಳೆಲ್ಲ ಚೌಕದ ಲುಂಗಿ ಹಾಸಿದಂತೆ ಬಿದ್ದಿದ್ದವು, ನಡುವೆ ಒಂದು ಕರೀ ದಾರಿ. ಚೆಂದವಾಗಿಯೇ ಇತ್ತು. ಆದರೆ ಆ ದಾರಿಯನ್ನು ಕಂಡ ಕೂಡಲೇ ಆಕೆಯ ಮನಸ್ಸು ಮತ್ತೆ ಬಗ್ಗಿ ನೋಡಿತು. ಹಿಡಿಯಲಿಕ್ಕೆ ಬಂದವಳು ತಾನು. ಈಗ ತಾನು ಆಕಾಶದಲ್ಲಿದ್ದೇನೆ, ಅವನು ಮತ್ತೆ ಅದೇ ಕೊಲ್ಹಾಪುರದ ದಾರಿಯಲ್ಲಿ. ಬೆವರು ಖರೆಯೇ. ಸಿಕ್ಕಿಬಿದ್ದವನಿಗೂ ಬೆವರು ಬರುತ್ತದಲ್ಲ? ಆ ಕೂಸಿನ ತಾಯಿ ನಿಜವಾಗಿ ಸಾತಾರಾಕ್ಕೆ ಹೋದಳೇ? ಇಳಿದು ನೋಡಿ ಬರೋಣವೆಂದರೆ ಇಲ್ಲಿ ಇಳಿಯುವಂತಿರಲಿಲ್ಲ. ಪಕ್ಕದವರು ಕೊಟ್ಟ ಪೆಪ್ಪರಮಿಂಟನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಕರಗಿಸಿದಳು.

ಮುಂಬಯಿಯಲ್ಲಿ ಬುಡ್ಡೇಸಾಬ ಕಾಯುತ್ತಿದ್ದ. ತಂಗಿ ಒಬ್ಬಳೇ ಬಂದದ್ದು ನೋಡಿ ಗಾಬರಿಯಾದ.

“ಭಾವಾ ಎಲ್ಲಿ?”

“ಅಂಗಡಿ ಕೆಲಸ ಬಂತು. ಕಾರಿನಾಗ ಬರಾಕತ್ತಾರ.”

ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ಆಕೆಗೇ ಆಶ್ಚರ್ಯವಾಯಿತು. ಯಾಕೆ ಹೇಳಿದೆ ಎಂದು ಆಮೇಲೆ ವಿಚಾರ ಮಾಡಿದಳು. ಬಯಲಿನಲ್ಲಿ ಒಬ್ಬನೇ ನಿಂತಿದ್ದ ಗಂಡ ಕಣ್ಣ ಮುಂದೆ ಬಂದ. ಅವನನ್ನು ನೋಡಿ ಈ ಮನೆಯವರು ನಗುವುದು ಬೇಡ, ಅಷ್ಟೇ. ಅಣ್ಣನ ಮನೆ ತುಂಬ ಬೀಗರು ನೆಂಟರು. ಆಕೆ ಎಲ್ಲರ ಜೊತೆ ಕೂತು ಅಕ್ಕಿ ಆರಿಸಿದಳು, ಕಿವಿ ಮಾತ್ರ ಓಣಿಯ ಕಡೆ ಇತ್ತು.

ಮರುದಿನ ಊಟದ ಹೊತ್ತಿಗೆ ಅಂಬಾಸಿಡರ್ ಬಂದು ನಿಂತಿತು. ಮಹಬೂಬಸಾಬ ಇಳಿದು, ಗೋಡೆ ಹಿಡಿದುಕೊಂಡು ಒಳಗೆ ಹೋದ. ಗಡ್ಡ ಬೆಳೆದಿತ್ತು, ಮುಖ ಸುಣ್ಣದಂತಾಗಿತ್ತು. ಅಲ್ಮಾಸಬಿ ಮೊದಲು ಅವನ ಹತ್ತಿರ ಹೋಗಲಿಲ್ಲ. ಕಾರಿನ ಹತ್ತಿರ ಹೋದಳು.

“ಎಲ್ಲೆಲ್ಲಿ ನಿಂತಿದ್ರಿ?”

“ಕೊಲ್ಹಾಪುರದಾಗ ಚಾ ಕುಡೀರಿ ಅಂದೆ ಭಾಭಿ. ಇಳಿಯೂ ಹುಕುಮಿಲ್ಲ ಅಂದ್ರು. ಪುಣೆದಾಗ ಪೆಟ್ರೋಲ್ ಹಾಕಿಸಿದೆ, ಆಗೂ ಕಾರಿನಾಗ ಕುಂತಿದ್ರು.” ಫಕ್ರುಸಾಬ ದನಿ ತಗ್ಗಿಸಿದ. “ಘಾಟ ಬಂದ ಕೂಡಲೆ ಕಣ್ಣು ಮುಚ್ಚಿ ನನ್ನ ಅಂಗಿ ಹಿಡಕೊಂಡ್ರು ನೋಡ್ರಿ, ಇಳಿದು ಮುಗಿಯೂತನಕ ಬಿಡಲಿಲ್ಲ. ಸಾವಕಾರ್ರಿಗೆ ಇಷ್ಟು ಅಂಜಿಕಿ ಐತಿ ಅಂತ ನನಗ ಗೊತ್ತಿರಲಿಲ್ಲ.”

ಅವನ ಅಂಗಿಯ ಹೆಗಲ ಹೊಲಿಗೆ ಬಿಚ್ಚಿತ್ತು. ಅಲ್ಮಾಸಬಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎಳೆದು ಹರಿದದ್ದೇ.

“ಬಿಚ್ಚಿ ಕೊಡು, ಹೊಲಿದು ಕೊಡತೇನಿ,” ಅಂದಳು.

ಒಳಗೆ ಮಹಬೂಬಸಾಬ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಆಕೆ ಚಹಾ ತಂದು ಕೊಟ್ಟಳು. ಅವನು ಬಸಿಯಲ್ಲಿ ಹಾಕಿಕೊಂಡು ಕುಡಿದ. ಸುತ್ತ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಹೇಳಿದ:

“ತಿರುಗಿ ಹೋಗೂವಾಗ ನೀ ವಿಮಾನದಾಗ ಹೋಗು. ಅಂಜಿಕಿ ಇಲ್ಲಲ್ಲ ನಿನಗ.”

“ಅಂಜಿಕಿ ನನಗೂ ಆತು. ಇಬ್ರೂ ಕಾರಿನಾಗ ಹೋಗೋಣು.”

“ಇನ್ನೂ ನಂಬಿಕಿ ಬಂದಿಲ್ಲೇನು?”

ಅಲ್ಮಾಸಬಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬೆಳಕಿನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ, ದಾರ ಒಳಗೆ ಹಾಕಿದಳು.

“ಬಂದೈತಿ,” ಅಂದಳು ಆಮೇಲೆ. “ಆದರೂ ಜೊತಿಗಿ ಹೋಗೋಣು. ಘಾಟಿನಾಗ ಫಕ್ರುಸಾಬನ ಅಂಗಿ ಹಿಡಿಯೋದು ಚೊಲೋ ಕಾಣಂಗಿಲ್ಲ.”